ಈಗಿನ ರೋಡ್‌ಸ್ಟರ್ ಮೇಲೆ ಹಳೇ ಕಾಲದ ಬಾಡಿ: ಡೋನರ್ ಯಾವ್ದು, ಎಲ್ಲಿಂದ ಶುರು ಮಾಡ್ಲಿ?

ಉದ್ದಬಾನೆಟ್:
ನಮಸ್ಕಾರ ಎಲ್ರಿಗೂ. 50ರ ದಶಕದ ಓಪನ್ ಟೂ ಸೀಟರ್ ಥರ ಕಾಣೋ ಕಾರೊಂದನ್ನ ನಾನೇ ಕೂತು ಕಟ್ಬೇಕು ಅಂತ ತುಂಬಾ ವರ್ಷದ ಆಸೆ. ಒರಿಜಿನಲ್ ಹಳೇ ಕಾರ್ ತಂದು ರಿಸ್ಟೋರ್ ಮಾಡೋ ಯೋಚನೆ ಇಲ್ಲ, ಆಕಾರ ಹಳೇದಿರ್ಬೇಕು ಆದ್ರೆ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗ್ಬೇಕು, ಬ್ರೇಕ್ ಒತ್ತಿದ್ರೆ ನಿಲ್ಬೇಕು, ಪಾರ್ಟ್ಸ್ ಸಿಗ್ಬೇಕು, ಇಷ್ಟೇ. ಅದಕ್ಕೇ ಮಾಜ್ದಾ ಎಂಎಕ್ಸ್-5 ಮೊದಲನೇ ಇಲ್ಲ ಎರಡನೇ ಮಾಡೆಲ್, ಅದಿಲ್ಲಾಂದ್ರೆ ಬಿಎಂಡಬ್ಲ್ಯು ಝಡ್3, ಇವೆರಡ್ರಲ್ಲಿ ಒಂದನ್ನ ಡೋನರ್ (ಇಂಜಿನ್, ಚಕ್ರ ಎಲ್ಲ ಕೊಡೋ ಕಾರು) ಮಾಡ್ಕೊಳೋಣ ಅಂತಿದೀನಿ. ವೆಲ್ಡಿಂಗ್ ಬರತ್ತೆ, ಇಂಜಿನ್ ಕೆಲಸ ಬರತ್ತೆ, ಫೈಬರ್ ಮುಟ್ಟಿಲ್ಲ. ಶೆಲ್ (ಕಾರಿನ ಮೂಲ ತಗಡಿನ ಗೂಡು) ಹಾಗೇ ಇಟ್ಕೊಂಡು ಮೇಲೆ ಹೊಸ ಬಾಡಿ ಹಾಕೋದು ಒಳ್ಳೇದಾ, ಇಲ್ಲ ಪೈಪಲ್ಲಿ ಹೊಸ ಚಾಸಿ ಮಾಡಿ ಡೋನರ್ ಸಾಮಾನೆಲ್ಲ ಅದಕ್ಕೆ ಕೂರಿಸೋದಾ? ಮನಸ್ಸಲ್ಲಿರೋ ಆಕಾರ ಜಾಗ್ವಾರ್ ಎಕ್ಸ್‌ಕೆ120 ಥರದ್ದು, ಉದ್ದ ಬಾನೆಟ್ಟು, ಮುಂದಿನ ಫೆಂಡರ್ ಬಾಗಿಲವರೆಗೂ ಇಳ್ಕೊಂಡು ಬರೋದು.

ಅಳತೆಪಟ್ಟಿ:
ಸ್ವಾಗತ ಗುರು. ಶೆಲ್ಲಾ ಚಾಸಿನಾ ಅನ್ನೋದು ಎರಡನೇ ಪ್ರಶ್ನೆ, ಮೊದಲು ವೀಲ್‌ಬೇಸ್ ನೋಡು, ಅಂದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ. ಎಕ್ಸ್‌ಕೆ120 ವೀಲ್‌ಬೇಸ್ 102 ಇಂಚು ಅಂದ್ರೆ 2591 ಮಿಮೀ, ಎಂಎಕ್ಸ್-5 ಮೊದಲ ಎರಡೂ ಮಾಡೆಲ್‌ದು 2265 ಮಿಮೀ. 326 ಮಿಮೀ ಕಮ್ಮಿ, ಒಂದಡಿಗೂ ಜಾಸ್ತಿ! ಅಷ್ಟನ್ನೂ ಎಲ್ಲಿಂದ ತರ್ತೀಯ? ಬಾನೆಟ್ ಉದ್ದ ಕಾಣ್ಬೇಕು ಅಂದ್ರೆ ಮುಂದಿನ ಚಕ್ರ ಮುಂದಕ್ಕೆ ಹೋಗ್ಬೇಕು, ಬಾಗಿಲಿಗೂ ಮುಂದಿನ ಚಕ್ರಕ್ಕೂ ನಡುವೆ ಇರೋ ಜಾಗದಲ್ಲೇ ಹಳೇ ಕಾರಿನ ಅಂದ ಇರೋದು. ಅದನ್ನ ಕೊಡ್ದೆ ಬರೀ ಮೂತಿ ಮುಂದಕ್ಕೆ ಎಳೆದ್ರೆ ಚಕ್ರದ ಮುಂದೆ ಬಾಡಿ ಜೋತುಬಿದ್ದ ಹಾಗೆ ಕಾಣತ್ತೆ, ಎಷ್ಟು ಚೆನ್ನಾಗಿ ಪೇಂಟ್ ಹೊಡೆದ್ರೂ ಕಣ್ಣಿಗೆ ಕೂರಲ್ಲ.

ಸರಿ ಚಾಸಿ ನಾನೇ ಮಾಡ್ತೀನಲ್ಲ, ಚಕ್ರ ಮುಂದಕ್ಕೆ ಇಟ್ರಾಯ್ತು ಅಂತೀಯ. ಎಂಎಕ್ಸ್-5ನಲ್ಲಿ ಇಂಜಿನ್ ಮೌಂಟ್ ಕೂತಿರೋದು ಚಕ್ರ, ಸಸ್ಪೆನ್ಷನ್ ಹಿಡಿಯೋ ಮುಂದಿನ ಸಬ್‌ಫ್ರೇಮ್ ಮೇಲೆ, ಸಬ್‌ಫ್ರೇಮ್ ಮುಂದಕ್ಕೆ ಹೋದ್ರೆ ಇಂಜಿನ್ನೂ ಜೊತೆಗೇ ಹೋಗತ್ತೆ. ಗೇರ್‌ಬಾಕ್ಸ್ ಬಾಲದಿಂದ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಮೂತಿವರೆಗೂ ಒಂದು ಅಲ್ಯೂಮಿನಿಯಂ ತೊಲೆ ಇದೆ, ಪವರ್ ಪ್ಲಾಂಟ್ ಫ್ರೇಮ್ ಅಂತಾರೆ. ಗೇರ್‌ಬಾಕ್ಸ್ ಹಿಂದುಗಡೆಗೆ ಬೇರೆ ಮೌಂಟೇ ಇಲ್ಲ, ಇಂಜಿನ್ ಕಡೆ ಎರಡು, ಡಿಫರೆನ್ಷಿಯಲ್ ಕಡೆ ಎರಡು, ನಡುವೆ ಎಲ್ಲಾ ಆ ತೊಲೆ ಮೇಲೇ ನಿಂತಿರೋದು. ವೀಲ್‌ಬೇಸ್ ಬದಲಾಯ್ಸಿದ್ರೆ ಆ ತೊಲೆ ಬೇರೆ ಆಗ್ಬೇಕು, ಪ್ರೊಪೆಲ್ಲರ್ ಶಾಫ್ಟ್ ಬೇರೆ ಆಗಿ ಬ್ಯಾಲೆನ್ಸ್ ಆಗ್ಬೇಕು. ಗೇರ್ ಲಿವರ್ ಬೇರೆ ನೇರವಾಗಿ ಬಾಕ್ಸ್ ಮೇಲೇ ಇದೆ, ಇಂಜಿನ್ ಮುಂದಕ್ಕೆ ಹೋಗಿ ಸೀಟ್ ಅಲ್ಲೇ ಉಳಿದ್ರೆ ಲಿವರ್ ಹೋಗಿ ಡ್ಯಾಶ್‌ಬೋರ್ಡ್ ಕೆಳಗೆ ಸೇರ್ಕೊಳತ್ತೆ. ಮಾಡೋಕೇ ಆಗಲ್ಲ ಅಂತ ಹೇಳ್ತಿಲ್ಲ, ಆದ್ರೆ ಅಷ್ಟೊತ್ತಿಗೆ ಡೋನರ್ ತಗೊಂಡಿದ್ದರ ಅರ್ಧ ಲಾಭ ಹೋಗಿರತ್ತೆ. ಡೋನರ್‌ಗೆ ಒಪ್ಪೋ ಆಕಾರ ಹುಡುಕು, ಆಕಾರಕ್ಕೋಸ್ಕರ ಡೋನರ್‌ನ ಎಳೆದಾಡ್ಬೇಡ.

ಉದ್ದಬಾನೆಟ್:
ಸರ್ ಇದನ್ನ ಯಾರೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ, ಥ್ಯಾಂಕ್ಸ್. ಹಾಗಾದ್ರೆ 2265ಕ್ಕೆ ಒಪ್ಪೋ ಹಳೇ ಆಕಾರಗಳು ಯಾವ್ಯಾವು?

ಅಳತೆಪಟ್ಟಿ:
ಬೇಕಾದಷ್ಟಿವೆ. ಆಸ್ಟಿನ್-ಹೀಲಿ 100 ಮತ್ತು ಎಸಿ ಕೋಬ್ರಾ ಎರಡೂ 90 ಇಂಚು, ಅಂದ್ರೆ 2286, ಬರೀ 21 ಮಿಮೀ ವ್ಯತ್ಯಾಸ, ಕಣ್ಣಿಗೆ ಗೊತ್ತೇ ಆಗಲ್ಲ. ಟ್ರಯಂಫ್ ಟಿಆರ್2, ಟಿಆರ್3, ಲೋಟಸ್ ಸೆವೆನ್ ಇವೆಲ್ಲ 88 ಇಂಚು, 2235. ಎಂಜಿಬಿ 91 ಇಂಚು, 2311, ಈಗಿನ ನಾಲ್ಕನೇ ಮಾಡೆಲ್ ಎಂಎಕ್ಸ್-5 ನೋಡಿದ್ರೆ 2310! ನಿನಗೆ ಜಾಗ್ವಾರೇ ಬೇಕು ಅಂದ್ರೆ ಝಡ್3 ಕಡೆ ನೋಡು, ಅದರದ್ದು 2446, ಮೊದಲ ಇ-ಟೈಪ್‌ದು 96 ಇಂಚು ಅಂದ್ರೆ 2438.

ಆದ್ರೆ ಅಗಲದಲ್ಲಿ ಸಿಕ್ಕಾಕೊಳ್ತೀವಿ. ಎಂಎಕ್ಸ್-5 ಮುಂದಿನ ಟ್ರ್ಯಾಕ್ (ಎಡ ಬಲ ಚಕ್ರದ ನಡುವಿನ ಅಂತರ) ಸುಮಾರು 1410 ಮಿಮೀ. ಟಿಆರ್3ದು 45 ಇಂಚು, 1143 ಮಾತ್ರ. ಇ-ಟೈಪ್ 50 ಇಂಚು, 1270. ಹಳೇ ಕಾರೆಲ್ಲ ಕಿರಿದು. ಅದಕ್ಕೇ ಹಳೇ ಬಾಡಿಯಿಂದ ನೇರ ಮೋಲ್ಡ್ ತೆಗೆದು ಈಗಿನ ಡೋನರ್ ಮೇಲೆ ಇಟ್ರೆ ಟೈರ್ ಹೊರಗೆ ಬಂದ್ಬಿಡತ್ತೆ. ಕಿಟ್ (ನಾವೇ ಜೋಡಿಸ್ಕೊಳೋ ಬಾಡಿ ಸೆಟ್) ಮಾಡೋರು ಒಂದೋ ಬಾಡಿ ಅಗಲ ಮಾಡ್ತಾರೆ ಇಲ್ಲ ಫೆಂಡರ್ ಉಬ್ಬಿಸ್ತಾರೆ. ಅಗಲ ಮಾಡಿದ್ಮೇಲೆ ಗ್ರಿಲ್, ಲೈಟ್ ಎಲ್ಲ ಹಳೇ ಅಳತೇಲೇ ಬಿಟ್ರೆ ಮುಖ ಸಪ್ಪೆ ಆಗತ್ತೆ, ಲೈಟ್‌ಗಳ ನಡುವಿನ ಅಂತರಾನೂ ಅದೇ ಲೆಕ್ಕದಲ್ಲಿ ಹಿಗ್ಗಬೇಕು. ಕೋಬ್ರಾ 427 ಅಗಲ ಫೆಂಡರ್‌ನ ಮಾಡೆಲ್ ಈ ಡೋನರ್‌ಗಳಿಗೆ ಅಷ್ಟು ಸಲೀಸಾಗಿ ಒಪ್ಪೋದು ಇದೇ ಕಾರಣಕ್ಕೆ, ಅದರ ಟ್ರ್ಯಾಕ್ ಮೊದಲೇ ಅಗಲ ಇತ್ತು.

ಮೂಲರೂಪ:
ನಡುವೆ ಬಂದು ಹೇಳ್ತೀನಿ, ಬೇಜಾರಾಗ್ಬೇಡಿ. 1989ರಲ್ಲಿ ಬಂದ ಮೊದಲ ಎಂಎಕ್ಸ್-5 ತಾನೇ ಈಗ ಒಂದು ಕ್ಲಾಸಿಕ್ ಆಗಿದೆ. ಹಳೇ ಬ್ರಿಟಿಷ್ ರೋಡ್‌ಸ್ಟರ್‌ಗಳ ಖುಷಿನ ಆಯಿಲ್ ಸೋರದೆ ಕೊಡ್ಬೇಕು ಅಂತಾನೇ ಆ ಕಾರ್ ಮಾಡಿದ್ದು, ಅಂಥದ್ದನ್ನ ಕತ್ತರಿಸಿ ಇನ್ನೊಂದು ಹಳೇ ಕಾರಿನ ವೇಷ ಹಾಕೋದು ಯಾಕೆ? ಒಳ್ಳೇ ಶೆಲ್ ಇರೋ ಒಂದೊಂದು ಕಾರು ಹೋದ ಹಾಗೂ ಮುಂದೆ ರಿಸ್ಟೋರ್ ಮಾಡೋರಿಗೆ ಒಂದು ಕಮ್ಮಿ ಆಯ್ತು. ನನಗಂತೂ ನೋವಾಗತ್ತೆ.

ತುಕ್ಕುಬೇಟೆ:
@ಮೂಲರೂಪ ನಿಮ್ಮ ಮಾತು ನಿಜ ಸರ್, ಒಳ್ಳೇ ಶೆಲ್ ಕತ್ತರಿಸ್ಬಾರ್ದು, ನಾನೂ ಅದನ್ನೇ ಹೇಳೋದು. ಆದ್ರೆ 2016ರ ಹೊತ್ತಿಗೇ ಹತ್ತು ಲಕ್ಷ ಎಂಎಕ್ಸ್-5 ತಯಾರಾಗಿತ್ತು, ಅದ್ರಲ್ಲಿ ಮೆಕ್ಯಾನಿಕಲ್ ಎಲ್ಲ ಗಟ್ಟಿ ಇದ್ದು ಶೆಲ್ ಮಾತ್ರ ತಿಂದು ಹೋಗಿರೋ ಕಾರುಗಳು ಎಷ್ಟೋ ಇವೆ. ಹಿಂದಿನ ಚಕ್ರದ ಮುಂದೆ ಸಿಲ್ (ಬಾಗಿಲ ಕೆಳಗಿನ ಉದ್ದ ತಗಡಿನ ಪೆಟ್ಟಿಗೆ) ಕೊಳೆಯೋದು ಇದರ ಹಳೇ ಕಾಯಿಲೆ, ಬಟ್ಟೆ ಟಾಪಿನ ನೀರು ಇಳಿಯೋ ಡ್ರೈನ್ ಕಟ್ಕೊಂಡ್ರೆ ನೀರು ನೇರ ಸಿಲ್ ಒಳಗೇ ನಿಲ್ಲತ್ತೆ. ಎರಡನೇ ಮಾಡೆಲ್‌ನಲ್ಲಿ ಅದರ ಜೊತೆಗೆ ಮುಂದಿನ ಚಾಸಿ ರೈಲು ಒಳಗಿಂದ ತುಕ್ಕು ಹಿಡಿಯತ್ತೆ, ಎರಡು ಪದರ ತಗಡಿನ ನಡುವೆ, ಹೊರಗಿಂದ ನೋಡಿದ್ರೆ ಫಳಫಳ ಅಂತಿರತ್ತೆ, ಸ್ಕ್ರೂಡ್ರೈವರ್ ಹಿಡಿ ಕಡೆಯಿಂದ ತಟ್ಟಿ ನೋಡಿದ್ರೆ ಸದ್ದು ಬೇರೆ ಬರತ್ತೆ. ಅಂಥ ಕಾರೇ ಪೈಪ್ ಚಾಸಿ ಪ್ರಾಜೆಕ್ಟಿಗೆ ಸರಿಯಾದ ಡೋನರ್. ಶೆಲ್ ಉಳಿಸ್ಕೊಂಡು ಮೇಲೆ ಬಾಡಿ ಹಾಕೋದಾದ್ರೆ ಮಾತ್ರ ಉಲ್ಟಾ, ಶೆಲ್ ಚೊಕ್ಕವಾಗಿರ್ಲೇಬೇಕು, ತುಕ್ಕಿನ ಮೇಲೆ ಫೈಬರ್ ಮುಚ್ಚಿದ್ರೆ ಒಳಗೇ ತಿಂತಾ ಹೋಗತ್ತೆ, ನಿಮಗೆ ಗೊತ್ತೂ ಆಗಲ್ಲ.

@ಉದ್ದಬಾನೆಟ್ ಡೋನರ್ ನೋಡೋಕೆ ಹೋದಾಗ: 1.6 ಇಂಜಿನ್ನಿನ ತೀರಾ ಮೊದಲ ಕಾರುಗಳಲ್ಲಿ ಕ್ರ್ಯಾಂಕ್ ಮೂತಿ ಗಿಡ್ಡ, ಪುಲ್ಲಿ ಬೋಲ್ಟ್ ಸಡಿಲ ಆದ್ರೆ ಕೀ-ವೇ (ಪುಲ್ಲಿ ಜಾರದ ಹಾಗೆ ಹಿಡಿಯೋ ಸೀಳು) ಸವೆದು ಟೈಮಿಂಗ್ ಅಲ್ಲಾಡತ್ತೆ, ಕ್ರ್ಯಾಂಕ್ ಪುಲ್ಲಿಯಲ್ಲಿ ನಾಲ್ಕೇ ಸ್ಲಾಟ್ ಕಂಡ್ರೆ ಹುಷಾರು. 1.6ರ ಮೊದಲ ಡಿಫರೆನ್ಷಿಯಲ್ ಚಿಕ್ಕದು, 1.8 ಜೊತೆ ಬಂದಿದ್ದು ದೊಡ್ಡದು, ಮುಂದೆ ಪವರ್ ಏರಿಸೋ ಆಸೆ ಇದ್ರೆ 1.8 ಕಾರೇ ತಗೊಳಿ. ಝಡ್3 ಆದ್ರೆ ಡಿಕ್ಕಿ ಕಾರ್ಪೆಟ್ ಎತ್ತಿ ಡಿಫರೆನ್ಷಿಯಲ್ ನೇತಾಕಿರೋ ಕಡೆ ನೆಲದ ತಗಡು ನೋಡಿ, ಸ್ಪಾಟ್ ವೆಲ್ಡ್ ಕಿತ್ತು ಬಿರುಕು ಬಿಡೋದು ಅಲ್ಲೇ, ಆರು ಸಿಲಿಂಡರ್ ಕಾರಲ್ಲಿ ಇನ್ನೂ ಜಾಸ್ತಿ.

ಇನ್ನೊಂದು ಮಾತು, ಓಡ್ತಿರೋ ಡೋನರ್‌ನೇ ತಗೊಳಿ. ಬಿಚ್ಚೋ ಮುಂಚೆ ಸ್ವಲ್ಪ ದಿನ ಓಡ್ಸಿ, ಎರಡನೇ ಗೇರ್ ಗರ್ ಅನ್ನತ್ತಾ, ಬಿಸಿ ಆದ್ಮೇಲೆ ಟ್ಯಾಪೆಟ್ ಸದ್ದು ಬರತ್ತಾ, ಬ್ರೇಕ್ ಒಂದು ಕಡೆ ಎಳೆಯತ್ತಾ, ಎಲ್ಲ ಬರೆದಿಟ್ಕೊಳಿ. ಕಾರ್ ಕಟ್ಟಾದ್ಮೇಲೆ ಬರೋ ಸದ್ದು ಹೊಸ ತಪ್ಪಾ ಹಳೇ ಕಾಯಿಲೆನಾ ಅಂತ ಹೇಳೋಕೆ ಆ ಚೀಟಿ ಬಿಟ್ರೆ ಬೇರೆ ದಾರಿ ಇಲ್ಲ.

ಮೂಲರೂಪ:
ತುಕ್ಕು ತಿಂದಿರೋ ಶೆಲ್ ಅಂದ್ರೆ ನನ್ನ ತಕರಾರಿಲ್ಲ. ಬಿಚ್ಚಿದ ಮೇಲೆ ಡೋರ್, ಟಾಪ್ ಫ್ರೇಮ್, ಹಿಂದಿನ ಗಾಜು, ಸೀಟ್ ರೈಲು ಯಾವ್ದನ್ನೂ ಗುಜರಿಗೆ ಹಾಕ್ಬೇಡಿ, ರಿಸ್ಟೋರ್ ಮಾಡೋರಿಗೆ ಕೊಡಿ.

ಉದ್ದಬಾನೆಟ್:
ಖಂಡಿತ ಸರ್. ಶೆಲ್ ಹೋದ ಕಾರು, 1.8 ಅಂದ್ರೆ ಪೈಪ್ ಚಾಸಿ ದಾರಿಗೇ ಬಂದಂಗಾಯ್ತು. ಆದ್ರೂ ಕೇಳ್ತೀನಿ, ಶೆಲ್ ಮೇಲೆ ಬಾಡಿ ಹಾಕೋದು ಸುಲಭ ಅಂತಾರಲ್ಲ?

ಅಳತೆಪಟ್ಟಿ:
ಕೆಲಸ ಸುಲಭಾನೇ, ಡೋರ್ ಕೀಲು, ಗಾಜು, ಹೀಟರ್, ವೈಪರ್ ಎಲ್ಲ ಹಾಗೇ ಉಳಿಯತ್ತೆ. ಎಂಎಕ್ಸ್-5 ಮುಂದಿನ ಫೆಂಡರ್ ಬೋಲ್ಟ್ ಮೇಲೆ ಇರೋದು, ತೆಗೆದ್ರೆ ಶೆಲ್ಲಿಗೆ ಏನೂ ಆಗಲ್ಲ. ಹಿಂದಿನ ಕ್ವಾರ್ಟರ್ ಶೆಲ್ಲಿಗೇ ವೆಲ್ಡ್ ಆಗಿದೆ, ಅಲ್ಲಿ ಗ್ರೈಂಡರ್ ಇಡೋ ಮುಂಚೆ ಎರಡು ಸಲ ಯೋಚಿಸ್ಬೇಕು. ಟಾಪ್ ಇಲ್ಲದ ಕಾರು ಅಂದ್ರೆ ಮುಚ್ಚಳ ತೆಗೆದ ರಟ್ಟಿನ ಡಬ್ಬ, ತಿರುಚ್ಕೊಳ್ದೆ ನಿಂತಿರೋದು ಸಿಲ್, ಟನಲ್ (ಎರಡು ಸೀಟಿನ ನಡುವಿನ ಉಬ್ಬು) ಮತ್ತು ಡ್ಯಾಶ್ ಹಿಂದಿನ ಅಡ್ಡಗೋಡೆ ಮೇಲೆ. ಈ ಮೂರನ್ನ ಮುಟ್ಟಂಗೇ ಇಲ್ಲ. ಕತ್ತರಿಸ್ಲೇಬೇಕಾದ್ರೆ ಮೊದಲು ಡೋರ್ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳತೆ ತೆಗೆದು ಶೆಲ್ ಮೇಲೇ ಬರೆದಿಟ್ಟು, ಒಂದೊಂದು ಕಟ್ ಆದ್ಮೇಲೂ ಮತ್ತೆ ಅಳೀಬೇಕು.

ಸುಲಭ ಇದ್ರೂ ನಾನು ಅದನ್ನ ನಿನಗೆ ಹೇಳದೇ ಇರೋದು ಮುಂದಿನ ಗಾಜಿನ ಕಾರಣಕ್ಕೆ. ಶೆಲ್ ಉಳಿಸಿದ್ರೆ ಆ ಬಾಗಿರೋ ಇಳಿಜಾರು ಗಾಜೂ ದಪ್ಪ ಫ್ರೇಮೂ ಉಳ್ಕೊಳತ್ತೆ, ಅದೊಂದೇ ಸಾಕು ಇದು ಈಗಿನ ಕಾರು ಅಂತ ದೂರದಿಂದ್ಲೇ ಹೇಳೋಕೆ. ಪೈಪ್ ಚಾಸಿ ಆದ್ರೆ ಚಪ್ಪಟೆ ಲ್ಯಾಮಿನೇಟೆಡ್ ಗಾಜನ್ನ ಬೇಕಾದ ಆಕಾರಕ್ಕೆ ಕಟ್ ಮಾಡಿಸ್ಬೋದು, ಟಫನ್ ಆಗಿರೋ ಗಾಜು ಕಟ್ ಆಗಲ್ಲ ಪುಡಿಪುಡಿ ಆಗತ್ತೆ, ನೆನಪಿರ್ಲಿ. ಗಿಡ್ಡ ಗಾಜಿಗೆ ಡೋನರ್ ವೈಪರ್ ಉದ್ದ ಆಗತ್ತೆ, ಇ-ಟೈಪ್‌ನಲ್ಲಿ ಮೂರು ಚಿಕ್ಕ ವೈಪರ್ ಇದ್ದಿದ್ದು ನೋಡಿರ್ಬೋದು.

ಇನ್ನು ಈ ಡೋನರ್‌ನ ಒಂದು ಅದ್ಭುತ ಗುಣ. ಎಕ್ಸೋಸೆಟ್ ಥರದ ಕಿಟ್‌ಗಳು ಇದನ್ನೇ ಉಪಯೋಗ್ಸೋದು: ಸ್ಟಿಯರಿಂಗ್ ಕಾಲಮ್, ಬ್ರೇಕ್ ಲೈನ್, ವೈರಿಂಗ್, ಪೆಟ್ರೋಲ್ ಪೈಪ್ ಬಿಡಿಸಿ, ಸಬ್‌ಫ್ರೇಮ್ ಬೋಲ್ಟುಗಳೂ ಶಾಕ್ ಅಬ್ಸಾರ್ಬರ್ ಮೇಲಿನ ನಟ್ಟುಗಳೂ ತೆಗೆದ್ರೆ ಶೆಲ್ ಪೂರ್ತಿ ಮೇಲಕ್ಕೆ ಬರತ್ತೆ. ಕೆಳಗೆ ಉಳಿಯೋದು ಇಂಜಿನ್, ಬಾಕ್ಸ್, ಆ ತೊಲೆ, ಡಿಫರೆನ್ಷಿಯಲ್, ನಾಲ್ಕು ಚಕ್ರ, ಎಲ್ಲಾ ಒಂದಕ್ಕೊಂದು ಹಿಡ್ಕೊಂಡು ನೆಲದ ಮೇಲೆ ನಿಂತಿರತ್ತೆ. ಹೊಸ ಚಾಸಿನ ಅದರ ಮೇಲೆ ಇಳಿಸೋದು. ವೀಲ್‌ಬೇಸ್ ಮುಟ್ಬೇಡ ಅಂತ ನಾನು ಅಷ್ಟು ಹಠ ಮಾಡಿದ್ದು ಇದಕ್ಕೇ, ಮುಟ್ಟಿದ್ರೆ ಈ ಸೌಕರ್ಯ ಕೈ ತಪ್ಪತ್ತೆ.

ದುಂಡುಟೈರು:
ಎಲ್ರೂ ಬಾಡಿ ಬಗ್ಗೆನೇ ಮಾತಾಡ್ತಿದೀರಿ, ಚಕ್ರದ ಬಗ್ಗೆ ಯಾರಾದ್ರೂ ಹೇಳ್ರಪ್ಪ. ಎಷ್ಟು ಚೆನ್ನಾಗಿರೋ ಕಿಟ್‌ಗಳು ಅಗಲದ ಅಲಾಯ್ ಹಾಕ್ಕೊಂಡು ಹಾಳಾಗಿವೆ. ಹಳೇ ಕಾರಿನ ಟೈರ್ ಎತ್ತರ, ಸಣ್ಣ. ಎಂಎಕ್ಸ್-5 ಸ್ಟಾಕ್ ಟೈರ್ 185/60 ಆರ್14, ವ್ಯಾಸ ಸುಮಾರು 578 ಮಿಮೀ. 165/80 ಆರ್15 ಹಾಕಿದ್ರೆ 645 ಮಿಮೀ ಬರತ್ತೆ, ನೋಟವೇ ಬದಲಾಗಿಬಿಡತ್ತೆ. ಆದ್ರೆ ಹಾಕೋ ಮುಂಚೆ ಲೆಕ್ಕ ಮಾಡ್ಕೊಳಿ, ವ್ಯಾಸ ಹತ್ತಿರ ಹತ್ತಿರ 12% ಜಾಸ್ತಿ, ಸ್ಪೀಡೋಮೀಟರ್ 90 ತೋರಿಸ್ವಾಗ ಕಾರು 100ರಲ್ಲಿ ಹೋಗ್ತಿರತ್ತೆ. ಮೊದಲ ಮಾಡೆಲ್‌ದು ಕೇಬಲ್ ಸ್ಪೀಡೋ, ಅದರ ಡ್ರೈವ್ ಗೇರ್ ಆದ್ರೂ ಮೀಟರ್ ಆದ್ರೂ ಸರಿ ಮಾಡಿಸ್ಲೇಬೇಕು. ಫೈನಲ್ ಡ್ರೈವ್ (ಡಿಫರೆನ್ಷಿಯಲ್ ಗೇರಿನ ಅನುಪಾತ) ಕೂಡ ಉದ್ದ ಆದಂಗೆ, 4.3 ಇದ್ದಿದ್ದು 3.85 ಥರ ಆಗತ್ತೆ. ತೂಕ ಇಳಿದಿರೋದ್ರಿಂದ ಎಳೆಯೋಕೆ ಕಷ್ಟ ಆಗಲ್ಲ, ಹೈವೇಲಿ ಇಂಜಿನ್ ಕೂಗಾಟಾನೂ ಕಮ್ಮಿ. ಹಬ್ 4x100 (100 ಮಿಮೀ ವೃತ್ತದಲ್ಲಿ ನಾಲ್ಕು ಬೋಲ್ಟ್), ಕಡ್ಡಿ ಚಕ್ರ ಬೇಕಂದ್ರೆ ಅಡಾಪ್ಟರ್ ಬೇಕು, ಅಡಾಪ್ಟರ್ ದಪ್ಪದಷ್ಟೂ ಟ್ರ್ಯಾಕ್ ಇನ್ನೂ ಹೊರಗೆ ಹೋಗತ್ತೆ ಅಂತ ಬಾಡಿ ಅಗಲ ನಿರ್ಧಾರ ಮಾಡೋ ಮುಂಚೆನೇ ಲೆಕ್ಕಕ್ಕೆ ತಗೊಳಿ.

ಸ್ಪ್ರಿಂಗ್‌ಲೆಕ್ಕ:
ತೂಕದ ಮಾತು ಬಂತಲ್ಲ, ಸೇರಿಸ್ತೀನಿ. ಡೋನರ್ ಸ್ಪ್ರಿಂಗ್ ಸುಮಾರು ಸಾವಿರ ಕೆಜಿ ಕಾರಿಗೆ ಮಾಡಿದ್ದು, ಹಗುರ ಬಾಡಿ ಹಾಕಿ 700 ಕೆಜಿ ಆದ್ರೆ ಕಾರು ಎತ್ತರಕ್ಕೆ ನಿಲ್ಲತ್ತೆ, ಸ್ಪ್ರಿಂಗಿನ ಫ್ರೀಕ್ವೆನ್ಸಿ 20% ಏರತ್ತೆ, ಹಳ್ಳ ಬಂದಾಗ ಕುಲುಕತ್ತೆ. ತುಂಬಾ ಜನ ಸ್ಪ್ರಿಂಗ್ ಕಟ್ ಮಾಡಿ ಎತ್ತರ ಇಳಿಸ್ತಾರೆ, ದಯವಿಟ್ಟು ಬೇಡ, ಕಟ್ ಮಾಡಿದ್ರೆ ಸ್ಪ್ರಿಂಗ್ ಇನ್ನೂ ಗಟ್ಟಿ ಆಗತ್ತೆ, ನಮಗೆ ಬೇಕಿರೋದು ಮೆತ್ತಗಿರೋದು. ಕಾರು ಪೂರ್ತಿ ಆದ್ಮೇಲೆ, ಡ್ರೈವರ್ ಕೂತು, ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇಟ್ಕೊಂಡು, ನಾಲ್ಕೂ ಚಕ್ರದ ಕೆಳಗೆ ತಕ್ಕಡಿ ಇಟ್ಟು ತೂಗಿ, ಆಮೇಲೆ ಸ್ಪ್ರಿಂಗ್ ತಗೊಳಿ. ಬ್ರೇಕ್‌ನೂ ಹಾಗೇ ಬಿಡ್ಬೇಡಿ, ಹಿಂದೆ ಮುಂದೆ ಪ್ರೆಷರ್ ಹಂಚೋ ವಾಲ್ವ್ ಹಳೇ ತೂಕಕ್ಕೆ ಸೆಟ್ ಆಗಿರೋದು, ಒದ್ದೆ ಖಾಲಿ ಜಾಗದಲ್ಲಿ ನಿಧಾನ ಸ್ಪೀಡಲ್ಲಿ ಒತ್ತಿ ನೋಡಿ, ಯಾವ ಕಾರಣಕ್ಕೂ ಹಿಂದಿನ ಚಕ್ರ ಮೊದಲು ಲಾಕ್ ಆಗ್ಬಾರ್ದು.

ಕಪ್ಪುವೈರು:
ವೈರಿಂಗ್ ಬಗ್ಗೆ ಮಾತ್ರ ಹೇಳ್ತೀನಿ. ಡೋನರ್‌ನಲ್ಲಿ ಅರ್ಥಿಂಗ್ ಎಲ್ಲ ಬಾಡಿ ತಗಡಿನ ಮೂಲಕ ಹೋಗಿರತ್ತೆ, ಫೈಬರ್ ಬಾಡಿಲಿ ಅದು ಇರಲ್ಲ. ಲೈಟು, ಹಾರ್ನು, ಪೆಟ್ರೋಲ್ ಗೇಜು, ಒಂದೊಂದಕ್ಕೂ ಬೇರೆ ಕಪ್ಪು ವೈರ್ ಎಳೆದು ಚಾಸಿ ಮೇಲೆ ಎರಡು ಮೂರು ಕಡೆ ಪೇಂಟ್ ಕೆರೆದು ಬೋಲ್ಟ್ ಹಾಕಿ ಸೇರ್ಸಿ. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟು ಮಿಣುಕತ್ತೆ ಅಂದ್ರೆ ತೊಂಬತ್ತು ಪಾಲು ಅರ್ಥಿಂಗೇ. ಪೆಟ್ರೋಲ್ ಹಾಕೋ ಬಾಯಿಯ ಲೋಹದ ಮುಚ್ಚಳ, ಕೊಳವೆನೂ ಅರ್ಥ್ ಮಾಡ್ಲೇಬೇಕು, ಸ್ಟ್ಯಾಟಿಕ್ ಕಿಡಿ ಹಾರಿದ್ರೆ ಕಥೆ ಮುಗೀತು. ಲೂಮ್ (ವೈರುಗಳ ಇಡೀ ಕಟ್ಟು) ಕತ್ತರಿಸ್ಬೇಡಿ, ಒಂದೊಂದು ಪ್ಲಗ್ಗಿಗೂ ಚೀಟಿ ಕಟ್ಟಿ ಇಡೀ ಲೂಮ್ ಬಿಚ್ಚಿ, ಹೊಸ ಚಾಸಿ ಮೇಲೆ ಹರಡಿ, ಮೊದಲು ಇಂಜಿನ್ ಸ್ಟಾರ್ಟ್ ಮಾಡಿ, ಓಡಿದ ಮೇಲೆ ಪವರ್ ವಿಂಡೋ ರೇಡಿಯೋ ಇಂಥ ಬೇಡದ್ದನ್ನ ಒಂದೊಂದಾಗಿ ತೆಗೀರಿ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ದಿದ್ರೆ ಸ್ಟಾರ್ಟ್ ಆಗದ ಹಾಗೆ ತಡೆಯೋದು) ಇರೋ ಕಾರಾದ್ರೆ ಇಸಿಯು (ಇಂಜಿನ್ ಕಂಪ್ಯೂಟರ್), ಕೀ, ಅದರ ರೀಡರ್ ಮೂರೂ ಒಂದೇ ಕಾರಿಂದ ಬರ್ಬೇಕು. ಏರ್‌ಬ್ಯಾಗ್ ತೆಗೆಯೋ ಮುಂಚೆ ಬ್ಯಾಟರಿ ಬಿಡಿಸಿ ಕಾಯ್ಬೇಕು, ಆ ಕೆಲಸ ಗೊತ್ತಿರೋರ ಕೈಗೇ ಕೊಡಿ.

ರೆಸಿನ್‌ಕೈ:
ಫೈಬರ್ ಹೊಸದು ಅಂದ್ರಲ್ಲ, ಬಾಡಿ ಕಿಟ್ ತಗೊಂಡ್ರೂ ಬ್ರ್ಯಾಕೆಟ್ಟು, ಒಳಗಿನ ಆರ್ಚ್ ಅಂತ ಸ್ವಲ್ಪ ಲೇಅಪ್ (ರೆಸಿನ್ ಹಚ್ಚಿ ಫೈಬರ್ ಪದರ ಹಾಕೋದು) ನೀವೇ ಮಾಡ್ಬೇಕಾಗತ್ತೆ. ಚದರ ಮೀಟರಿಗೆ 450 ಗ್ರಾಂ ತೂಗೋ ಫೈಬರ್ ಮ್ಯಾಟ್ ಒಂದು ಪದರ ಅಂದ್ರೆ ಹೆಚ್ಚುಕಮ್ಮಿ ಒಂದು ಮಿಮೀ, ಬಾಡಿಗೆ ಮೂರರಿಂದ ನಾಲ್ಕು ಪದರ ಸಾಕು, ಕೀಲು ಬೋಲ್ಟು ಬರೋ ಕಡೆ ಇನ್ನೊಂದೆರಡು. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ 1ರಿಂದ 2%, ಬಿಸಿಲಿದ್ರೆ ಕಮ್ಮಿ ಕಡೆಗೆ, ಬೇಗ ಆಗ್ಲಿ ಅಂತ ಜಾಸ್ತಿ ಸುರಿದ್ರೆ ಡಬ್ಬದಲ್ಲೇ ಕಾದು ಹೊಗೆ ಬರತ್ತೆ. ರೋಲರ್‌ನಿಂದ ಗಾಳಿ ಗುಳ್ಳೆ ಓಡಿಸೋದೇ ನಿಜವಾದ ಕೆಲಸ, ಬಿಳಿ ಮ್ಯಾಟ್ ಪೂರ್ತಿ ಗಾಜಿನ ಬಣ್ಣಕ್ಕೆ ತಿರುಗೋವರೆಗೂ ಕುಟ್ಟುತ್ತಾ ಇರ್ಬೇಕು, ಮೂಲೆಯಲ್ಲಿ ಬೆಳ್ಳಗೆ ಉಳಿದ ಜಾಗ ಮುಂದೆ ಗುಳ್ಳೆ ಏಳೋ ಜಾಗ.

ಮುಖ್ಯವಾಗಿ, ಬಾಡಿನ ಚಾಸಿಗೆ ಬರೀ ಬೋಲ್ಟ್ ಹಾಕಿ ಬಿಗೀಬೇಡಿ. ಫೈಬರ್ ಬಿಸಿಗೆ ಸ್ಟೀಲಿಗಿಂತ ಜಾಸ್ತಿ ಹಿಗ್ಗತ್ತೆ, ಬಿಗಿದ್ರೆ ಬೋಲ್ಟ್ ಸುತ್ತ ನಕ್ಷತ್ರದ ಹಾಗೆ ಬಿರುಕು ಬರತ್ತೆ. ಎರಡು ಮೂರು ಮಿಮೀ ದಪ್ಪದ ಪಾಲಿಯುರೇಥೇನ್ ಅಂಟು, ಬೋಲ್ಟ್ ಹಾಕೋ ಕಡೆ ಅಗಲ ವಾಷರ್ ರಬ್ಬರ್. ಪೇಂಟ್ ಮಾತ್ರ ಅವಸರ ಮಾಡ್ಬೇಡಿ, ಬಾಡಿ ಚಾಸಿ ಮೇಲೆ ಕೂತು, ಡೋರ್ ಬಾನೆಟ್ ಗ್ಯಾಪ್ ಹೊಂದಿಸಿ, ಸ್ವಲ್ಪ ಕಾಲ ಬಿಸಿಲಲ್ಲಿ ಪೂರ್ತಿ ಕ್ಯೂರ್ ಆದ್ಮೇಲೇ ಪ್ರೈಮರ್. ಮೋಲ್ಡ್ ರಿಲೀಸ್ ವ್ಯಾಕ್ಸ್ ಮೊದಲು ತೊಳೀಬೇಕು ಆಮೇಲೆ ಉಜ್ಜಬೇಕು, ಉಜ್ಜಿ ತೊಳೆದ್ರೆ ವ್ಯಾಕ್ಸ್ ಗೀರಿನೊಳಗೆ ಸೇರ್ಕೊಂಡು ಪೇಂಟಿಗೆ ಮೀನಿನ ಕಣ್ಣಿನಂಥ ದುಂಡು ಕುಳಿ ಬೀಳತ್ತೆ.

ಉದ್ದಬಾನೆಟ್:
ಇಷ್ಟು ವಿಷಯ ಒಂದೇ ಕಡೆ ಸಿಗತ್ತೆ ಅಂದ್ಕೊಂಡಿರ್ಲಿಲ್ಲ. ಎಕ್ಸ್‌ಕೆ120 ಬಿಟ್ಟೆ. ಆಸ್ಟಿನ್-ಹೀಲಿ 100 ಚಿತ್ರದ ಮೇಲೆ ಎಂಎಕ್ಸ್-5 ಚಕ್ರದ ಜಾಗ ಗುರುತು ಹಾಕಿ ನೋಡ್ದೆ, ಬಾಗಿಲು, ಲಿವರ್, ಸೀಟ್ ಎಲ್ಲ ತನ್ನ ಜಾಗಕ್ಕೇ ಬರತ್ತೆ. ಅದರ ಫೋಟೋ ಕಾಪಿ ಅಲ್ಲ, ಆ ಛಾಯೆಯ ನನ್ನದೇ ಆಕಾರ, ಸ್ವಲ್ಪ ಅಗಲ. 1.8, ಶೆಲ್ ಹೋಗಿರೋ ಕಾರ್ ಹುಡುಕ್ತೀನಿ. ಎರಡು ಅನುಮಾನ ಉಳಿದಿದೆ, ಚಿಕ್ಕ ಗ್ರಿಲ್ ಬಾಯಿಗೆ ರೇಡಿಯೇಟರ್ ಸಾಕಾಗತ್ತಾ, ಸೀಟ್ ಬೆಲ್ಟ್ ಎಲ್ಲಿಗೆ ಕಟ್ಲಿ?

ಅಳತೆಪಟ್ಟಿ:
ಬಾಯಿ ಚಿಕ್ಕದಿದ್ರೂ ಪರ್ವಾಗಿಲ್ಲ, ಒಳಗೆ ಬಂದ ಗಾಳಿ ರೇಡಿಯೇಟರ್ ಪಕ್ಕದಿಂದ ತಪ್ಪಿಸ್ಕೊಂಡು ಹೋಗ್ಬಾರ್ದು. ಬಾಯಿಂದ ರೇಡಿಯೇಟರ್ ಅಂಚಿನವರೆಗೂ ನಾಲ್ಕೂ ಕಡೆ ಅಲ್ಯೂಮಿನಿಯಂ ತಗಡು ಮುಚ್ಚಿ ಸಂದಿಗೆ ಫೋಮ್ ಹಾಕು, ಬಿಸಿ ಗಾಳಿ ಹೊರಗೆ ಹೋಗೋಕೆ ಫೆಂಡರ್ ಪಕ್ಕ ಕಿಂಡಿ ಬಿಡು, ಹಳೇ ಕಾರಲ್ಲಿದ್ದ ಕಿಂಡಿ ಸುಮ್ನೆ ಅಂದಕ್ಕೆ ಇದ್ದಿದ್ದಲ್ಲ. ಈ ಇಂಜಿನ್ನಿನ ನೀರು ಹೊರಗೆ ಬರೋ ದಾರಿ ಮುಂದುಗಡೆ ಇರೋದ್ರಿಂದ ಹಿಂದಿನ ನಾಲ್ಕನೇ ಸಿಲಿಂಡರ್ ಯಾವಾಗ್ಲೂ ಜಾಸ್ತಿ ಕಾಯತ್ತೆ, ಇಂಜಿನ್ ಹೊರಗಿದ್ದಾಗ್ಲೇ ದಾರಿನ ಹಿಂದಕ್ಕೆ ತಿರುಗಿಸ್ಕೊಂಡ್ರೆ ಮುಂದೆ ಚಿಂತೆ ಇರಲ್ಲ.

ಬೆಲ್ಟ್ ವಿಷ್ಯದಲ್ಲಿ ರಾಜಿ ಇಲ್ಲ. ಫೈಬರ್‌ಗೆ ಒಂದು ಬೋಲ್ಟೂ ಬೇಡ, ಎಲ್ಲಾ ಪಾಯಿಂಟೂ ಚಾಸಿ ಪೈಪಿಗೇ ವೆಲ್ಡ್ ಆದ ದಪ್ಪ ಪ್ಲೇಟ್ ಮೇಲೆ, 7/16 ಇಂಚು ಯುಎನ್‌ಎಫ್ ಬೋಲ್ಟಿನಲ್ಲಿ. ಹಾರ್ನೆಸ್ (ಎರಡೂ ಹೆಗಲ ಮೇಲೆ ಬರೋ ಬೆಲ್ಟ್) ಹಾಕೋದಾದ್ರೆ ಹೆಗಲ ಪಟ್ಟಿ ಕಟ್ಟೋ ಪಾಯಿಂಟ್ ಹೆಗಲಿಗಿಂತ ತೀರಾ ಕೆಳಗೆ ಹೋಗ್ಬಾರ್ದು, ಹೋದ್ರೆ ಡಿಕ್ಕಿ ಆದಾಗ ಪಟ್ಟಿ ಬೆನ್ನುಮೂಳೆನ ಕೆಳಕ್ಕೆ ಅದುಮತ್ತೆ. ಡೋನರ್‌ನ ಕುಸಿಯೋ ಸ್ಟಿಯರಿಂಗ್ ಕಾಲಮ್‌ನೇ ಇಟ್ಕೋ, ಉದ್ದ ಸಾಲ್ದಿದ್ರೆ ಕೆಳಗಿನ ಶಾಫ್ಟ್ ಹೊಸದು ಮಾಡ್ಸು, ಕಾಲಮ್ ಮಾತ್ರ ಕತ್ತರಿಸ್ಬೇಡ. ಚಾಸಿಗೆ ಪೈಪ್ ಕತ್ತರಿಸೋ ಮುಂಚೆ ನಿಮ್ಮ ಕಡೆ ರಿಜಿಸ್ಟ್ರೇಷನ್ ನಿಯಮ ಬರಹದಲ್ಲಿ ತಗೊಂಡು ಓದು, ಡೋನರ್ ಕಾಗದ, ಚಾಸಿ ನಂಬರ್ ಇರೋ ತಗಡಿನ ಫೋಟೋ, ಪ್ರತಿ ಪಾರ್ಟಿನ ಬಿಲ್ ಒಂದೇ ಫೈಲಲ್ಲಿ ಇರ್ಲಿ, ಇನ್ಸ್‌ಪೆಕ್ಷನ್ ದಿನ ಅದನ್ನೇ ಮೊದಲು ಕೇಳೋದು. ಕಾರು ಸಿಕ್ಕಿದ ತಕ್ಷಣ ಸಬ್‌ಫ್ರೇಮ್ ಬೋಲ್ಟ್ ಜಾಗಗಳ ಅಳತೆ ಇಲ್ಲಿ ಹಾಕು, ಚಾಸಿ ಡ್ರಾಯಿಂಗ್ ಎಲ್ರೂ ಸೇರಿ ನೋಡೋಣ.